ತಮ್ಮನ ರಿಪೋರ್ಟಿನಲ್ಲಿ ಥಲಸ್ಸೀಮಿಯಾ ಟ್ರೇಟ್ ಬಂದಿದೆ, ಸೋದರತ್ತೆ ಮಗಳ ಜೊತೆ ಮದುವೆ ಮಾತಾಗಿದೆ. ಏನು ಮಾಡಬೇಕು?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 27 ವರ್ಷ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ 11.8 ಬಂತು. ಗಂಡಸರಿಗೆ ಇದು ಕಡಿಮೆ ಅಂತ ಡಾಕ್ಟರ್ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಆರ್‌ಬಿಸಿ (ಕೆಂಪು ರಕ್ತಕಣಗಳ ಎಣಿಕೆ) 5.9, ಎಂಸಿವಿ (ಆ ಕಣಗಳ ಸರಾಸರಿ ಗಾತ್ರ) 64, ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) 5.4 ಅಂತ ಇದೆ. ಕೆಳಗೆ "ಬೀಟಾ ಥಲಸ್ಸೀಮಿಯಾ ಟ್ರೇಟ್" ಅಂತ ಬರೆದಿದ್ದಾರೆ. ಅವನಿಗೆ ಯಾವ ತೊಂದರೆಯೂ ಇಲ್ಲ. ವಾರಕ್ಕೆರಡು ದಿನ ಶಟಲ್ ಆಡುತ್ತಾನೆ.

ನಮ್ಮ ಸೋದರತ್ತೆ ಮಗಳನ್ನು ಅವನಿಗೆ ತರುವುದು ಅಂತ ಮಾತಾಗಿದೆ. ಅಪ್ಪ "ಯಾರಿಗೂ ಹೇಳಬೇಡ, ಸುಮ್ನಿರು" ಅಂತಾರೆ. ಅಮ್ಮ, ಇದು ತನ್ನ ಕಡೆಯಿಂದ ಬಂದಿದ್ದರೆ ಜನ ಏನಂತಾರೋ ಅಂತ ಕೊರಗುತ್ತಿದ್ದಾರೆ. ಇದು ಕಾಯಿಲೆಯಾ? ಜೀನಿನಲ್ಲಿ ಮ್ಯುಟೇಶನ್ ಅಂದರೆ ನಿಜಕ್ಕೂ ಏನಾಗಿರುತ್ತದೆ? ಹುಡುಗಿಗೂ ಪರೀಕ್ಷೆ ಮಾಡಿಸಬೇಕಾ?

ಬಯಾಲಜಿ ಮೇಷ್ಟ್ರು

ಮೊದಲು ಗಾಬರಿ ಬಿಡಿ ತಂಗಿ. ನಿಮ್ಮ ತಮ್ಮ ರೋಗಿ ಅಲ್ಲ, ಕ್ಯಾರಿಯರ್. ಟ್ರೇಟ್ ಅಂದರೆ ಅದೇ, ಇದನ್ನು ವಾಹಕ ಅಂತಲೂ ಹೇಳುತ್ತೇವೆ. ಥಲಸ್ಸೀಮಿಯಾ ಅಂದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ವಂಶದಲ್ಲಿ ಬರುವ ರಕ್ತದ ಕಾಯಿಲೆ. ಅವನ ಆಯುಸ್ಸಿಗೂ ಕೆಲಸಕ್ಕೂ ಇದರಿಂದ ಧಕ್ಕೆ ಇಲ್ಲ. ರಕ್ತದಲ್ಲಿ ಕಬ್ಬಿಣ ಕಡಿಮೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗದೆ ಐರನ್ ಟಾನಿಕ್ ಕುಡಿಸಬೇಡಿ, ಅಷ್ಟೇ.

ಈಗ ಒಳಗೆ ಏನಾಗಿದೆ ಅಂತ ಹೇಳುತ್ತೇನೆ. ನಮ್ಮ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇವೆ. 23 ಅಪ್ಪನದು, 23 ಅಮ್ಮನದು. ಒಂದು ಸೆಟ್‌ನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳಿವೆ: ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರ, ಬೇರೆ ಬೇರೆ ಸಾಲಿನಲ್ಲಿ. ಅದರಲ್ಲಿ 11ನೇ ಕ್ರೋಮೋಸೋಮಿನ ಒಂದು ತುದಿಯ ಹತ್ತಿರ ಎಚ್‌ಬಿಬಿ ಅನ್ನುವ ಪುಟ್ಟ ಜೀನ್ ಇದೆ. ಉದ್ದ ಬರೀ 1,600 ಅಕ್ಷರದಷ್ಟು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿ ಹೇಗಿರಬೇಕು ಅನ್ನುವುದು ಅದರಲ್ಲಿ ಬರೆದಿದೆ. ಆ ಸರಪಳಿಯಲ್ಲಿ ಅಮೈನೋ ಆಮ್ಲ ಅನ್ನುವ 146 ಕೊಂಡಿಗಳು. ನಿಮ್ಮ ತಮ್ಮನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಚೆನ್ನಾಗಿದೆ. ಒಳ್ಳೆಯ ಪ್ರತಿ ಒಂದೇ ಜೀವನಕ್ಕೆ ಸಾಕು. ಅದಕ್ಕೇ ಶಟಲ್ ಆಡುತ್ತಾನೆ.

ಹುಡುಗಿಯಲ್ಲೂ ಒಂದು ಪ್ರತಿ ಕೆಟ್ಟಿದ್ದರೆ ಮಾತ್ರ ಸಮಸ್ಯೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿ ಹುಟ್ಟಿದರೆ ಎರಡನೆಯದಕ್ಕೆ ಅಪಾಯ ಜಾಸ್ತಿ ಆಗುವುದೂ ಇಲ್ಲ, ಕಡಿಮೆ ಆಗುವುದೂ ಇಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ಪರೀಕ್ಷೆ ಮಾಡಿಸಲೇಬೇಕು. ಈಗಲೇ, ಮದುವೆಗೆ ಮುಂಚೆ.

ದ್ವಿತೀಯ ಪಿಯು

ಸರ್, ನಮ್ಮ ಪಠ್ಯದಲ್ಲಿ ಪಾಯಿಂಟ್ ಮ್ಯುಟೇಶನ್, ಫ್ರೇಮ್‌ಶಿಫ್ಟ್, ಡಿಲೀಶನ್ ಅಂತ ಇದೆ. ಬಾಯಿಪಾಠ ಮಾಡಿದ್ದೇನೆ, ಆದ್ರೆ ತಲೆಗೆ ಹೋಗಿಲ್ಲ. ಥಲಸ್ಸೀಮಿಯಾ ಇದರಲ್ಲಿ ಯಾವುದು?

ಬಯಾಲಜಿ ಮೇಷ್ಟ್ರು

ಎಲ್ಲವೂ! ಅದಕ್ಕೇ ನನಗೆ ಈ ಜೀನ್ ಪಾಠಕ್ಕೆ ಬಲು ಇಷ್ಟ. ಎಚ್‌ಬಿಬಿ ಒಂದರಲ್ಲೇ ಥಲಸ್ಸೀಮಿಯಾ ತರುವ ನೂರಾರು ಬಗೆಯ ಬದಲಾವಣೆಗಳು ಗೊತ್ತಿವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಐದಾರು ಮಾತ್ರ.

ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲ. ಹಾಗಾಗಿ ಮೂರಕ್ಷರದ ಪದಗಳೇ ಇರುವ ಒಂದು ವಾಕ್ಯ ತಗೊಳ್ಳೋಣ:

ಅವಳು ಬಾಳೆಯ ಹಣ್ಣನು ತಿಂದಳು

"ತಿಂ" ಇದ್ದ ಕಡೆ "ತಂ" ಆದರೆ "ತಂದಳು" ಆಗುತ್ತದೆ. ವಾಕ್ಯ ಓದಲು ಬರುತ್ತದೆ, ಅರ್ಥ ಬೇರೆ. ಇದು ಪಾಯಿಂಟ್ ಮ್ಯುಟೇಶನ್. ಸಿಕಲ್ ಸೆಲ್ ರೋಗ ಹೀಗೇ ಬರುವುದು. ಇದೇ ಎಚ್‌ಬಿಬಿ ಜೀನಿನಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಇರುತ್ತದೆ. ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂರುತ್ತದೆ. ಆಮ್ಲಜನಕ ಕಡಿಮೆ ಆದಾಗ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಯಾಗುತ್ತದೆ. ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಇದು ಹಿಮೋಗ್ಲೋಬಿನ್‌ನದೇ ದೋಷ ಅಂತ ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ಬದಲಾಗಿರುವುದು ಒಂದೇ ಒಂದು ಅಮೈನೋ ಆಮ್ಲ ಅಂತ ಕೆಲವೇ ವರ್ಷಗಳಲ್ಲಿ ವರ್ನನ್ ಇನ್‌ಗ್ರಾಂ ಕಂಡುಹಿಡಿದರು.

ಈಗ ಅದೇ ವಾಕ್ಯದಲ್ಲಿ ಮೊದಲ "ಳು" ತೆಗೆದುಬಿಡಿ. ಆದರೆ ಮೂರು ಮೂರಾಗಿಯೇ ಓದಿ:

ಅವಬಾ ಳೆಯಹ ಣ್ಣನುತಿಂ ದಳು

ಅಲ್ಲಿಂದ ಮುಂದೆ ಪೂರ್ತಿ ಕೆಟ್ಟಿತು. ಇದು ಫ್ರೇಮ್‌ಶಿಫ್ಟ್. ನಮ್ಮಲ್ಲಿ ಕಾಣುವ ಥಲಸ್ಸೀಮಿಯಾಗಳಲ್ಲಿ ಒಂದರಲ್ಲಿ 8 ಮತ್ತು 9ನೇ ಪದದ ನಡುವೆ ಒಂದು ಜಿ ಹೆಚ್ಚಾಗಿರುತ್ತದೆ. ಇನ್ನೊಂದರಲ್ಲಿ 41–42ನೇ ಪದಗಳಲ್ಲಿ ನಾಲ್ಕು ಅಕ್ಷರ ಹೋಗಿರುತ್ತವೆ. ಎರಡರಲ್ಲೂ ಬೀಟಾ ಸರಪಳಿ ತಯಾರಾಗುವುದೇ ಇಲ್ಲ.

ಮತ್ತೊಂದರಲ್ಲಿ 15ನೇ ಪದ ಟಿಜಿಜಿ ಇದ್ದದ್ದು ಟಿಎಜಿ ಆಗಿರುತ್ತದೆ. ಅದು "ಇಲ್ಲಿಗೆ ನಿಲ್ಲಿಸು" ಅನ್ನುವ ಸಂಕೇತ. 146ರವರೆಗೆ ಹೋಗಬೇಕಾದ ಸರಪಳಿ ಅಲ್ಲೇ ನಿಂತುಬಿಡುತ್ತದೆ. 619 ಅಕ್ಷರಗಳ ತುಂಡೇ ಕಾಣೆಯಾದ ಡಿಲೀಶನ್ ಕೂಡ ಇದೆ.

ಭಾರತದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮಾತ್ರ ಸರಪಳಿಯ ಸಾಲಿನಲ್ಲೇ ಇಲ್ಲ! ಜೀನಿನ ಮಧ್ಯೆ ಇಂಟ್ರಾನ್ ಅನ್ನುವ ಭಾಗಗಳಿವೆ. ಜೀನಿನ ನಕಲು, ಅಂದರೆ ಆರ್‌ಎನ್‌ಎ, ತಯಾರಾದ ಮೇಲೆ ಅವನ್ನು ಕತ್ತರಿಸಿ ತೆಗೆಯಬೇಕು. ಮೊದಲ ಇಂಟ್ರಾನಿನ 5ನೇ ಅಕ್ಷರ ಜಿ ಬದಲು ಸಿ ಆದರೆ ಎಲ್ಲಿ ಕತ್ತರಿಸಬೇಕು ಅನ್ನುವುದೇ ತಪ್ಪಿಹೋಗುತ್ತದೆ. ಎಲ್ಲೆಲ್ಲೋ ಕತ್ತರಿಸುತ್ತದೆ. ಸರಿಯಾದ ಸರಪಳಿ ಬಹಳ ಕಡಿಮೆ ಸಿಗುತ್ತದೆ.

ಸಿಕಲ್ ಸೆಲ್‌ನಲ್ಲಿ ತಯಾರಾದದ್ದರ ಗುಣ ಕೆಟ್ಟಿದೆ. ಥಲಸ್ಸೀಮಿಯಾದಲ್ಲಿ ತಯಾರಾಗುವ ಪ್ರಮಾಣ ಕಡಿಮೆ. ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತಾರೆ ಮಗಾ.

ಚಿನ್ನು ಅಮ್ಮ

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ನನ್ನ ಮಗಳಿಗೆ ಥಲಸ್ಸೀಮಿಯಾ ಮೇಜರ್, ಮೇಷ್ಟ್ರು ಹೇಳಿದ ಹಾಗೆ ಎರಡೂ ಪ್ರತಿ ಕೆಟ್ಟಿರುವ ಕಾಯಿಲೆ. ಹುಟ್ಟಿದಾಗ ದುಂಡಗೆ ಚೆನ್ನಾಗಿದ್ದಳು. ಎಂಟನೇ ತಿಂಗಳಿಗೆ ಬಿಳುಚಿಕೊಂಡಳು, ಹಾಲು ಕುಡಿಯಲು ಶಕ್ತಿ ಇಲ್ಲ, ಹೊಟ್ಟೆ ಮುಂದೆ ಬಂತು. ಆಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೇವೆ. ರಕ್ತದ ಜೊತೆ ಕಬ್ಬಿಣವೂ ಮೈ ಸೇರುತ್ತದೆ. ದೇಹಕ್ಕೆ ಅದನ್ನು ಹೊರಹಾಕುವ ದಾರಿ ಇಲ್ಲ. ಹಾರ್ಟು, ಲಿವರ್‌ನಲ್ಲಿ ಕೂತುಬಿಡುತ್ತದೆ. ಅದನ್ನು ತೆಗೆಯಲು ದಿನಾ ಡಿಫೆರಾಸಿರಾಕ್ಸ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟದ ನೀರಿನಲ್ಲಿ ಕದಡಿ ಕೊಡಬೇಕು. ತಳದಲ್ಲಿ ಉಳಿದ ಪುಡಿಗೆ ಮತ್ತೆ ನೀರು ಹಾಕಿ ಅದನ್ನೂ ಕುಡಿಸಬೇಕು. ಇಲ್ಲದಿದ್ದರೆ ಔಷಧಿ ಲೋಟದಲ್ಲೇ ಉಳಿಯುತ್ತದೆ. ಮೂಗು ಮುರಿಯುತ್ತಾಳೆ, ಆದರೂ ಕುಡಿಯುತ್ತಾಳೆ.

ನಾನು ಬಸುರಿ ಆಗಿದ್ದಾಗ ಹಿಮೋಗ್ಲೋಬಿನ್ 9ಕ್ಕಿಂತ ಮೇಲೆ ಏರಲೇ ಇಲ್ಲ. ಪ್ರತಿ ತಿಂಗಳು ಐರನ್ ಮಾತ್ರೆ ಬದಲಾಯಿಸಿದರೇ ಹೊರತು ಯಾರೂ ಎಚ್‌ಬಿಎ2 ಪರೀಕ್ಷೆ ಬರೆಯಲಿಲ್ಲ. ಆವತ್ತು ಬರೆದಿದ್ದರೆ ನಮ್ಮೆಜಮಾನರದೂ ನೋಡುತ್ತಿದ್ದರು.

ನನ್ನ ಮಗಳು ನನಗೆ ಪ್ರಾಣ. ಆದರೆ ಅವಳ ಕೈಯಲ್ಲಿ ನರ ಸಿಗದೆ ನಾಲ್ಕನೇ ಸಲ ಚುಚ್ಚುವಾಗ, ಇದು ಮೊದಲೇ ಗೊತ್ತಾಗಬಹುದಿತ್ತು ಅನ್ನುವುದು ನೆನಪಾಗದೆ ಇರುವುದಿಲ್ಲ. ನಿಮ್ಮಪ್ಪನಿಗೆ ಹೇಳಿ, ಇದು ಮುಚ್ಚಿಡುವ ವಿಷಯ ಅಲ್ಲ.

ಹೇಮಾವತಿ ದಂಡೆ

ಅಕ್ಕಾ, ಓದಿ ಕಣ್ಣು ತುಂಬಿತು. ಅಪ್ಪನಿಗೆ ನಿಮ್ಮ ಮಾತನ್ನೇ ಓದಿ ಹೇಳುತ್ತೇನೆ.

ಮೇಷ್ಟ್ರೇ, ಸೋದರ ಸಂಬಂಧ ಆದ್ದರಿಂದ ಅಪಾಯ ಜಾಸ್ತಿ ಅಲ್ವಾ? ಎಷ್ಟು ಜಾಸ್ತಿ?

ಬಯಾಲಜಿ ಮೇಷ್ಟ್ರು

ಲೆಕ್ಕ ಹಾಕೋಣ. ಬೇರೆ ಯಾರೋ ಹುಡುಗಿ ಆಗಿದ್ದರೆ ಅವಳು ಕ್ಯಾರಿಯರ್ ಆಗಿರುವ ಸಾಧ್ಯತೆ ನಮ್ಮ ದೇಶದ ಲೆಕ್ಕದಲ್ಲಿ 100ಕ್ಕೆ ಮೂರೋ ನಾಲ್ಕೋ. ಕೆಲವು ಸಮುದಾಯಗಳಲ್ಲಿ ಜಾಸ್ತಿ.

ನಿಮ್ಮ ತಮ್ಮನಿಗೆ ಇದು ಅಪ್ಪನಿಂದ ಬಂದಿರಬೇಕು ಇಲ್ಲವೇ ಅಮ್ಮನಿಂದ. ಅಪ್ಪನಿಂದ ಬಂದಿದ್ದರೆ ಅಪ್ಪನ ತಂಗಿಗೂ ಅದು ಇರುವ ಸಾಧ್ಯತೆ ಅರ್ಧ. ಅವರಿಂದ ಮಗಳಿಗೆ ಇಳಿಯುವುದು ಅದರ ಅರ್ಧ. ಅಂದರೆ ಹುಡುಗಿ ಕ್ಯಾರಿಯರ್ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಮ್ಮನ ಕಡೆಯಿಂದ ಬಂದಿದ್ದರೆ ಸೋದರತ್ತೆಯ ಕುಟುಂಬಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಹೊರಗಿನ ಹುಡುಗಿಯ ಲೆಕ್ಕವೇ ಅವಳಿಗೂ. ಅದಕ್ಕೆ ಮೊದಲು ನಿಮ್ಮ ಅಪ್ಪ ಅಮ್ಮ ಇಬ್ಬರ ರಕ್ತ ನೋಡಿಸಿ. ನಿಮ್ಮದೂ ನೋಡಿಸಿಕೊಳ್ಳಿ ತಂಗಿ. ನಿಮಗೂ ಇರುವ ಸಾಧ್ಯತೆ ಅರ್ಧ.

ಸೋದರಮಾವನ ಜೊತೆ ಮದುವೆಯಾಗುವ ಕಡೆ ಈ ಲೆಕ್ಕ ಇನ್ನೂ ಹತ್ತಿರ. ಮಾವ ಕ್ಯಾರಿಯರ್ ಅಂತ ಗೊತ್ತಿದ್ದರೆ ಅಕ್ಕನ ಮಗಳು ಕ್ಯಾರಿಯರ್ ಆಗಿರುವ ಸಾಧ್ಯತೆ ನೇರವಾಗಿ ನಾಲ್ಕರಲ್ಲಿ ಒಂದು.

ಸೋದರ ಸಂಬಂಧ ಮ್ಯುಟೇಶನ್ನನ್ನು ಹುಟ್ಟಿಸುವುದಿಲ್ಲ. ಹಳೆಯ ಒಂದೇ ಮ್ಯುಟೇಶನ್ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ದಾರಿ ಮಾಡಿಕೊಡುತ್ತದೆ. ನಿಮ್ಮ ತಾಯಿಯವರಿಗೂ ಹೇಳಿ, ಇದರಲ್ಲಿ ಯಾರ ತಪ್ಪೂ ಇಲ್ಲ. ಪ್ರತಿ ಮಗುವೂ ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆ ಹೊತ್ತೇ ಹುಟ್ಟುತ್ತದೆ. ಹೆಚ್ಚಿನವು ಏನೂ ಮಾಡುವುದಿಲ್ಲ.

ಬೆಟ್ಟದ ಕೆಳಗಿನವನು

ನಾನು ಚಾಮರಾಜನಗರ ಕಡೆಯವನು. ನಮ್ಮಲ್ಲಿ ಸೋಲಿಗರ ಪೋಡುಗಳಿಗೆ, ಅಂದರೆ ಕಾಡಿನ ಹಾಡಿಗಳಿಗೆ, ಬಂದು ಸಿಕಲ್ ಸೆಲ್ ಪರೀಕ್ಷೆ ಮಾಡುತ್ತಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಅಂತ ಒಂದು ಮಿಷನ್ ಶುರು ಮಾಡಿತಲ್ಲ, ಅದರಡಿ. ಕಾಡಿನ ಜನರಿಗೇ ಯಾಕೆ ಇದು ಜಾಸ್ತಿ?

ಬಯಾಲಜಿ ಮೇಷ್ಟ್ರು

ಮಲೇರಿಯಾ. ಸಿಕಲ್ ಜೀನ್ ಒಂದೇ ಪ್ರತಿ ಇರುವವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಮಲೇರಿಯಾ ಕಾಡಿದ ಪ್ರದೇಶಗಳಲ್ಲಿ ಈ ಜೀನ್ ಇದ್ದ ಮಕ್ಕಳು ಬದುಕಿ ಉಳಿದು ಅದನ್ನು ಮುಂದಿನವರಿಗೆ ದಾಟಿಸಿದರು. ಥಲಸ್ಸೀಮಿಯಾ ಉಳಿದುಕೊಂಡಿರುವುದಕ್ಕೂ ಇದೇ ಕಾರಣ. ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇದೆ ಅಂತ 1952ರಲ್ಲೇ ವರದಿಯಾಗಿತ್ತು. ಅಂದರೆ ನಿಮ್ಮ ಬೆಟ್ಟದ ಪಕ್ಕದಲ್ಲೇ.

ಇನ್ನೊಂದು ಮುಖ್ಯ ವಿಷಯ. ಒಬ್ಬರಿಗೆ ಸಿಕಲ್ ಟ್ರೇಟ್, ಇನ್ನೊಬ್ಬರಿಗೆ ಥಲಸ್ಸೀಮಿಯಾ ಟ್ರೇಟ್ ಇದ್ದರೂ ಮಗುವಿಗೆ ಕಾಯಿಲೆ ಬರಬಹುದು. ಎರಡೂ ಒಂದೇ ಜೀನಿನ ದೋಷ. "ನಮ್ಮದು ಬೇರೆ, ಅವರದು ಬೇರೆ" ಅಂತ ಬಿಡಬೇಡಿ.

ಶಿರಾ ಕಡೆಯವಳು

ಇದೇ ಜಾಗದಲ್ಲಿ ಕೇಳಬಹುದಾ? ನಮ್ಮಕ್ಕನ ಮೊದಲ ಮಗುವಿಗೆ ಡೌನ್ ಸಿಂಡ್ರೋಮ್. ಈಗ ಇನ್ನೊಂದು ಮಗು ಬೇಕು ಅಂತಿದ್ದಾಳೆ. ಅವಳ ರಕ್ತದ ಎಚ್‌ಬಿಎ2 ನಾರ್ಮಲ್ ಬಂದಿದೆ. ಹಾಗಾದ್ರೆ ಜೀನ್ ಸರಿ ಇದೆ ಅಂತಲೇ ಅಲ್ವಾ? ಅಜ್ಜಿ, ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಅವಳನ್ನು ಅನ್ನುತ್ತಾರೆ.

ಸ್ಲೈಡ್ ನೋಡುವವಳು

ನಾನು ಕ್ರೋಮೋಸೋಮ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಇದಕ್ಕೆ ನಾನು ಉತ್ತರಿಸುತ್ತೇನೆ.

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ಬಸಿರು ನಿಲ್ಲುವುದಕ್ಕೆ ಮೊದಲೇ, ಅಂಡ ತಯಾರಾಗುವಾಗಲೇ ಆಗಿಹೋಗಿರುತ್ತದೆ. ಆಮೇಲೆ ಅಕ್ಕ ಹೊರಗೆ ಬಂದಳಾ, ಒಳಗೆ ಕೂತಳಾ ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ದಯವಿಟ್ಟು ಅಜ್ಜಿಗೆ ಸಮಾಧಾನವಾಗಿ ಹೇಳಿ.

ಎಚ್‌ಬಿಎ2 ಪರೀಕ್ಷೆ ಹಿಮೋಗ್ಲೋಬಿನ್ ಒಂದನ್ನೇ ನೋಡುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ ಯಾವ ಜೀನಿನ ಅಕ್ಷರವೂ ಕೆಟ್ಟಿರುವುದಿಲ್ಲ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಅದರ ಮೇಲಿನ 200ಕ್ಕೂ ಹೆಚ್ಚು ಜೀನುಗಳೆಲ್ಲ ಒಂದೂವರೆ ಪಟ್ಟು ಆಗುತ್ತವೆ. ಅದರಿಂದಲೇ ಹಾರ್ಟು, ಥೈರಾಯ್ಡ್, ಕಲಿಕೆ ಎಲ್ಲ ಕಡೆ ಪರಿಣಾಮ. ಪ್ಯಾರಿಸ್‌ನಲ್ಲಿ ಜೆರೋಮ್ ಲೆಜ್ಯೂನ್, ಮಾರ್ತ್ ಗೋತಿಯೆ ಇದ್ದ ತಂಡ 1959ರಲ್ಲಿ ಇದನ್ನು ಪ್ರಕಟಿಸಿತು. ಮನುಷ್ಯರಲ್ಲಿ ಇರುವುದು 46 ಕ್ರೋಮೋಸೋಮ್ ಅಂತ ಖಚಿತವಾಗಿದ್ದೇ ಅದಕ್ಕೆ ಮೂರು ವರ್ಷ ಹಿಂದೆ, 1956ರಲ್ಲಿ.

ನಾವು ಇದನ್ನು ನೋಡುವ ರೀತಿ ಹೇಳುತ್ತೇನೆ. ರಕ್ತವನ್ನು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್‌ನಲ್ಲಿ ತೆಗೆಯಬೇಕು. ಥಲಸ್ಸೀಮಿಯಾ ಪರೀಕ್ಷೆಯ ನೇರಳೆ ಮುಚ್ಚಳದ ಟ್ಯೂಬ್ ಇದಕ್ಕೆ ಆಗುವುದಿಲ್ಲ. ಜೀವಕೋಶ ಬದುಕಿರಬೇಕು, ಯಾಕೆಂದರೆ ಅದನ್ನು ಬೆಳೆಸಬೇಕು. 37 ಡಿಗ್ರಿಯಲ್ಲಿ 72 ಗಂಟೆ ಇಡುತ್ತೇವೆ. ಬಿಳಿ ರಕ್ತಕಣಗಳು ಒಡೆದು ಎರಡಾಗುವ ಹೊತ್ತಿಗೆ ಔಷಧಿ ಹಾಕಿ ಅಲ್ಲೇ ನಿಲ್ಲಿಸುತ್ತೇವೆ. ಆಗ ಮಾತ್ರ ಕ್ರೋಮೋಸೋಮ್ ಗಿಡ್ಡವಾಗಿ, ಬಿಡಿಬಿಡಿಯಾಗಿ ಕಾಣುತ್ತದೆ. ಉಪ್ಪಿನ ತೆಳು ದ್ರಾವಣದಲ್ಲಿ ಕಣ ಉಬ್ಬಿಸಿ, ಗಟ್ಟಿ ಮಾಡಿ, ಸ್ಲೈಡಿನ ಮೇಲೆ ಸ್ವಲ್ಪ ಎತ್ತರದಿಂದ ಹನಿ ಬೀಳಿಸುತ್ತೇವೆ. ಆಮೇಲೆ ಗೀಮ್ಸಾ ಬಣ್ಣ. ಪ್ರತಿ ಕ್ರೋಮೋಸೋಮಿಗೂ ಅದರದೇ ಕಪ್ಪು ಬಿಳಿ ಪಟ್ಟೆ ಬರುತ್ತದೆ. ಸಾಮಾನ್ಯವಾಗಿ 20 ಜೀವಕೋಶಗಳಲ್ಲಿ ಎಣಿಸಿ ನೋಡಿದ ಮೇಲೇ ರಿಪೋರ್ಟ್ ಬರೆಯುವುದು.

ಇದಕ್ಕೂ ಮಿತಿ ಇದೆ. ಮೈಕ್ರೋಸ್ಕೋಪ್‌ನಲ್ಲಿ ನಮಗೆ ಕಾಣಬೇಕಾದರೆ ಬದಲಾವಣೆ ಸುಮಾರು 50 ಲಕ್ಷ ಅಕ್ಷರದಷ್ಟಾದರೂ ದೊಡ್ಡದಿರಬೇಕು. ಒಂದು ಅಕ್ಷರ ಬದಲಾದ ಥಲಸ್ಸೀಮಿಯಾ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ನಾರ್ಮಲ್ ಬಂತು ಅಂತ ಇಲ್ಲಿ ನಾರ್ಮಲ್ ಅಂದುಕೊಳ್ಳಬಾರದು, ಇಲ್ಲಿ ಬಂತು ಅಂತ ಅಲ್ಲೂ ಅಂದುಕೊಳ್ಳಬಾರದು.

ನಿಮ್ಮಕ್ಕನ ಮಗುವಿನ ಕ್ಯಾರಿಯೋಟೈಪ್, ಅಂದರೆ ಈ ಕ್ರೋಮೋಸೋಮ್ ಪರೀಕ್ಷೆಯ, ರಿಪೋರ್ಟ್ ಇದೆಯಾ? ಅದರಲ್ಲಿ 47 ಅಂತ ಶುರುವಾಗಿ ಕೊನೆಗೆ +21 ಅಂತ ಮಾತ್ರ ಇದ್ದರೆ ಅದು ಸಾಮಾನ್ಯ ಬಗೆ. 100ರಲ್ಲಿ 95 ಮಕ್ಕಳದು ಇದೇ. ಅಮ್ಮನಿಗೆ ವಯಸ್ಸು ಕಡಿಮೆ ಇದ್ದರೆ ಇನ್ನೊಂದು ಮಗುವಿಗೆ ಬರುವ ಸಾಧ್ಯತೆ 100ಕ್ಕೆ 1ರ ಆಸುಪಾಸು. 46 ಅಂತ ಇದ್ದು ಮುಂದೆ 14;21 ಅಂತ ಇದ್ದರೆ ಮಾತ್ರ ವಿಷಯ ಬೇರೆ.

ಶಿರಾ ಕಡೆಯವಳು

ಮೇಡಂ, ಈಗಷ್ಟೇ ಅಕ್ಕನ ಹತ್ತಿರ ಫೋಟೋ ತರಿಸಿದೆ. 46, ಎಕ್ಸ್‌ವೈ ಅಂತ ಇದೆ, ಮುಂದೆ 14;21 ಅಂತಲೇ ಇದೆ. 46 ಇದ್ದ ಮೇಲೆ ಸರಿ ಇರಬೇಕಲ್ವಾ?

ಸ್ಲೈಡ್ ನೋಡುವವಳು

ಎಣಿಕೆ ಸರಿ ಕಾಣುತ್ತದೆ, ಆದರೆ 14ನೆಯದರ ಬೆನ್ನಿಗೆ ಇನ್ನೊಂದು 21 ಅಂಟಿಕೊಂಡಿದೆ. ಇದು ಟ್ರಾನ್ಸ್‌ಲೊಕೇಶನ್. ನಿಮ್ಮಕ್ಕ, ಭಾವ ಇಬ್ಬರ ಕ್ಯಾರಿಯೋಟೈಪ್ ಮಾಡಿಸಿ. ಅವರಲ್ಲಿ ಒಬ್ಬರಿಗೆ 45 ಇರಬಹುದು. 14 ಮತ್ತು 21 ಒಂದಕ್ಕೊಂದು ಅಂಟಿ ಒಂದೇ ಆಗಿ ಕಾಣುತ್ತದೆ. ಬೇಕಾದ ಜೀನ್ ಎಲ್ಲ ಇರುವುದರಿಂದ ಅವರು ಪೂರ್ತಿ ಆರೋಗ್ಯವಾಗಿರುತ್ತಾರೆ. ಅಮ್ಮನಲ್ಲಿ ಇದ್ದರೆ ಮತ್ತೆ ಡೌನ್ ಮಗು ಹುಟ್ಟುವ ಸಾಧ್ಯತೆ 100ಕ್ಕೆ 10ರಿಂದ 15. ಅಪ್ಪನಲ್ಲಿ ಇದ್ದರೆ ಅದಕ್ಕಿಂತ ಬಹಳ ಕಡಿಮೆ. ಇಬ್ಬರದೂ ನಾರ್ಮಲ್ ಬಂದರೆ ಅದು ಆ ಮಗುವಿನಲ್ಲೇ ಹೊಸದಾಗಿ ಆದದ್ದು, ಅಪಾಯ ಕಡಿಮೆ.

ಬಸಿರು ನಿಲ್ಲುವ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಮಣಿಪಾಲದ ಕಸ್ತೂರ್ಬಾದಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಮಗುವಿನ ರಿಪೋರ್ಟ್ ಮರೆಯದೆ ತಗೊಂಡು ಹೋಗಲಿ.

ದಾವಣಗೆರೆಯವನು

ನಮ್ಮಪ್ಪನಿಗೆ ಸಿಎಂಎಲ್ ಬ್ಲಡ್ ಕ್ಯಾನ್ಸರ್. ರಿಪೋರ್ಟಿನಲ್ಲಿ 9;22 ಟ್ರಾನ್ಸ್‌ಲೊಕೇಶನ್ ಅಂತ ಇದೆ. ಮೇಲಿನದನ್ನು ಓದಿ ಭಯ ಆಯಿತು. ನನಗೂ ನನ್ನ ಮಕ್ಕಳಿಗೂ ಬರುತ್ತಾ?

ಸ್ಲೈಡ್ ನೋಡುವವಳು

ಇಲ್ಲ ಅಣ್ಣಾ, ಇದು ಆ ಥರದ್ದಲ್ಲ. ನಿಮ್ಮಪ್ಪ ಹುಟ್ಟುವಾಗ ಇದು ಇರಲಿಲ್ಲ. ದೊಡ್ಡವರಾದ ಮೇಲೆ ಮೂಳೆಯ ಮಜ್ಜೆಯ ಒಂದು ಜೀವಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲು ಬದಲು ಮಾಡಿಕೊಂಡವು. ಅಲ್ಲಿ ಎರಡು ಜೀನ್ ಬೆಸೆದು ಬಿಸಿಆರ್-ಎಬಿಎಲ್ ಅನ್ನುವ ಹೊಸ ಜೀನ್ ಹುಟ್ಟಿತು. ಅದು ಬಿಳಿ ರಕ್ತಕಣಗಳಿಗೆ ನಿಲ್ಲದೆ ಬೆಳೆಯಲು ಹೇಳುತ್ತಲೇ ಇರುತ್ತದೆ. ವೀರ್ಯದಲ್ಲಿ ಈ ಬದಲಾವಣೆ ಇಲ್ಲ, ಆದ್ದರಿಂದ ಮಕ್ಕಳಿಗೆ ದಾಟುವುದಿಲ್ಲ.

1960ರಲ್ಲಿ ಫಿಲಡೆಲ್ಫಿಯಾದಲ್ಲಿ ಗಿಡ್ಡವಾದ 22ನ್ನು ಮೊದಲು ಗುರುತಿಸಿದರು. ಅದರ ತುಂಡು 9ಕ್ಕೆ ಹೋಗಿದೆ ಅಂತ 1973ರಲ್ಲಿ ಜಾನೆಟ್ ರೌಲಿ ಕಂಡುಹಿಡಿದರು. ಆ ಬೆಸುಗೆ ಜೀನ್ ತಯಾರಿಸುವ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ನಿಮ್ಮಪ್ಪ ಈಗ ಅದನ್ನೋ ಅದೇ ಗುಂಪಿನ ಬೇರೆ ಮಾತ್ರೆಯನ್ನೋ ತಗೊಳ್ಳುತ್ತಿರಬೇಕು. ಆರಾಮಾಗಿದ್ದಾರೆ ಅಂತ ನಡುವೆ ನಿಲ್ಲಿಸಬೇಡಿ.

ದುಬೈ ಕನ್ನಡಿಗ

ಇಲ್ಲಿ ಮದುವೆ ನೋಂದಣಿಗೆ ಮುಂಚೆ ಥಲಸ್ಸೀಮಿಯಾ, ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯ. ಸೈಪ್ರಸ್‌ನಲ್ಲಿ 1980ರ ದಶಕದಿಂದ ಚರ್ಚೇ ಪರೀಕ್ಷೆಯ ಪತ್ರ ಕೇಳುತ್ತದೆ. ಅಲ್ಲಿ ಮೇಜರ್ ಮಕ್ಕಳು ಹುಟ್ಟುವುದು ಹೆಚ್ಚೂ ಕಡಿಮೆ ನಿಂತೇಹೋಗಿದೆ. ನಮ್ಮೂರಲ್ಲಿ ಜಾತಕ ಹತ್ತು ಕಡೆ ತೋರಿಸುತ್ತೇವೆ. ಅದರ ಜೊತೆ ಈ ರಕ್ತ ಪರೀಕ್ಷೆಯೂ ಇರಲಿ ಅನ್ನುವುದು ನನ್ನ ಆಸೆ.

ಚಿನ್ನು ಅಮ್ಮ

ನೂರಕ್ಕೆ ನೂರು ನಿಜ.

ಹೇಮಾವತಿ ದಂಡೆ

ಎಲ್ಲರಿಗೂ ಮುಂದಿನ ಸುದ್ದಿ ಹೇಳುತ್ತೇನೆ. ಚಿನ್ನು ಅಮ್ಮ ಅಕ್ಕ ಬರೆದದ್ದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ತಾವೇ ಬಂದು ರಕ್ತ ಕೊಟ್ಟರು. ಅಪ್ಪನ ಎಚ್‌ಬಿಎ2 5.1, ಅಂದರೆ ಅಪ್ಪನೂ ಕ್ಯಾರಿಯರ್. ಅಮ್ಮನದು ನಾರ್ಮಲ್, ನನ್ನದೂ ನಾರ್ಮಲ್. ಅಪ್ಪನೇ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದರು.

ಹುಡುಗಿಯ ರಿಪೋರ್ಟ್ ಬಂದಿದೆ: ಹಿಮೋಗ್ಲೋಬಿನ್ 9.8, ಆರ್‌ಬಿಸಿ 4.4, ಎಂಸಿವಿ 70, ಎಚ್‌ಬಿಎ2 3.3, ಫೆರಿಟಿನ್ 6. ಎಚ್‌ಬಿಎ2 3.5ಕ್ಕಿಂತ ಕಡಿಮೆ ಇದೆ, ಆದ್ದರಿಂದ ಅವಳಿಗೆ ಇಲ್ಲ ಅಂತ ಲ್ಯಾಬಿನವರು ಹೇಳಿದರು. ಇನ್ನು ದಿನ ಗೊತ್ತು ಮಾಡಬಹುದಾ?

ಸ್ಲೈಡ್ ನೋಡುವವಳು

ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಹುಡುಗಿಯ ರಿಪೋರ್ಟ್ ಮೇಲೆ ಈಗಲೇ "ಇಲ್ಲ" ಅನ್ನಬೇಡಿ. ಫೆರಿಟಿನ್ 6 ಅಂದರೆ ಕಬ್ಬಿಣ ತೀರಾ ಕಡಿಮೆ. ಕಬ್ಬಿಣ ಕಡಿಮೆ ಇದ್ದಾಗ ಎಚ್‌ಬಿಎ2 ಕೂಡ ಇಳಿಯುತ್ತದೆ, ಕ್ಯಾರಿಯರ್ ಆಗಿದ್ದರೂ ಮುಚ್ಚಿಹೋಗಬಹುದು. 3.3 ಗಡಿಯಲ್ಲೇ ಇದೆ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿದರೆ ಸುಮಾರು 16 ಬರುತ್ತದೆ. 13ಕ್ಕಿಂತ ಜಾಸ್ತಿ ಇದ್ದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ. ನಿಮ್ಮ ತಮ್ಮನದು 11ಕ್ಕೂ ಕಡಿಮೆ ಇತ್ತು. ಆದರೆ ಇದು ಸುಳಿವು ಅಷ್ಟೇ, ತೀರ್ಪಲ್ಲ.

ಡಾಕ್ಟರ್ ಹೇಳಿದಂತೆ ಹುಡುಗಿ ಮೂರು ತಿಂಗಳು ಕಬ್ಬಿಣದ ಮಾತ್ರೆ ತಗೊಳ್ಳಲಿ. ಫೆರಿಟಿನ್ ಏರಿದ ಮೇಲೆ ಎಚ್‌ಬಿಎ2 ಮತ್ತೆ ನೋಡಿಸಿ. ಅಷ್ಟು ಕಾಯಲು ಆಗದಿದ್ದರೆ ಅವಳ ಎಚ್‌ಬಿಬಿ ಜೀನ್ ಪೂರ್ತಿ ಡಿಎನ್‌ಎ ಪರೀಕ್ಷೆ ಮಾಡಿಸಿ. ನಿಮ್ಮ ತಮ್ಮನಲ್ಲಿರುವ ಮ್ಯುಟೇಶನ್ ಒಂದನ್ನೇ ಹುಡುಕಿದರೆ ಸಾಲದು. ಅವಳ ಅಪ್ಪನ ಕಡೆಯಿಂದ ಬೇರೆಯದೊಂದು ಬಂದಿದ್ದರೆ ಅದು ತಪ್ಪಿಹೋಗುತ್ತದೆ. ಅದರ ಜೊತೆ ನಿಮ್ಮ ಅತ್ತೆ, ಮಾವ ಇಬ್ಬರ ಎಚ್‌ಬಿಎ2 ಕೂಡ ಮಾಡಿಸಿ. ಇಬ್ಬರದೂ ಸ್ಪಷ್ಟವಾಗಿ ನಾರ್ಮಲ್ ಬಂದರೆ ಹುಡುಗಿಯ ಬಗ್ಗೆ ಚಿಂತೆ ಇಲ್ಲ.

ಅವಳೂ ಕ್ಯಾರಿಯರ್ ಅಂತಲೇ ಬಂದರೂ ಮದುವೆ ನಿಲ್ಲಬೇಕು ಅಂತ ಇಲ್ಲ. ಬಸಿರಿನ 11ರಿಂದ 14ನೇ ವಾರದ ಹೊತ್ತಿಗೆ ಮಗುವಿನ ಡಿಎನ್‌ಎ ಪರೀಕ್ಷೆ ಮಾಡಬಹುದು. ಅದಕ್ಕೆ ಇಬ್ಬರ ಮ್ಯುಟೇಶನ್ ಯಾವುದು ಅಂತ ಮೊದಲೇ ಗೊತ್ತಿರಬೇಕು. ಆದ್ದರಿಂದ ನಿಮ್ಮ ತಮ್ಮನ ಡಿಎನ್‌ಎ ಪರೀಕ್ಷೆಗೂ ಈಗಲೇ ರಕ್ತ ಕೊಡಿಸಿ. ನೇರಳೆ ಮುಚ್ಚಳದ ಟ್ಯೂಬ್.